ಆವರ್ತಕ ಕೋಷ್ಟಕದ ಆಕಾರಕ್ಕೆ ಕಾರಣ ಇದೆ, ಅದನ್ನು ಮಕ್ಕಳಿಗೆ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಆವರ್ತಕ ಕೋಷ್ಟಕವನ್ನು ಬಣ್ಣಬಣ್ಣವಾಗಿ ಅಚ್ಚು ಹಾಕಿದ್ದು ನೋಡಿ ಖುಷಿಯಾಯಿತು. 118 ಧಾತುಗಳ ಹೆಸರೂ ಇದ್ದವು, ಓದಲು ಸಲೀಸಾಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಲೇಖನ, ಎಲೆಕ್ಟ್ರಾನ್ ವಿನ್ಯಾಸ, ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಸುತ್ತಲಿನ ಯಾವ ಕವಚದಲ್ಲಿ (ಪದರದಲ್ಲಿ) ಎಷ್ಟು ಎಲೆಕ್ಟ್ರಾನ್ ಇವೆ ಎಂಬುದನ್ನು ಬರೆಯುವುದು ಹೇಗೆ ಅಂತ. 2, 8, 8, 18 ಅಂತ ನೆನಪಿಟ್ಟುಕೊಳ್ಳಿ ಎಂದು ಅದರಲ್ಲಿ ಹೇಳಿತ್ತು. ಎರಡೂ ಒಂದೇ ಪುಟದಲ್ಲಿದ್ದವು, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗಿದ್ದವು. ನಾನು ರಸಾಯನಶಾಸ್ತ್ರ ಕಲಿಸುವವನು. ಪಾಠದ ಪುಸ್ತಕಗಳಲ್ಲೂ ಬಹಳ ಸಲ ಹೀಗೇ ಆಗುತ್ತದೆ. ಒಂದು ಅಧ್ಯಾಯದಲ್ಲಿ ಪರಮಾಣು, ಇನ್ನೊಂದರಲ್ಲಿ ಕೋಷ್ಟಕ, ನಡುವೆ ಸೇತುವೆ ಇಲ್ಲ. ಮಕ್ಕಳು ಎರಡನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡುತ್ತಾರೆ. ಅದಕ್ಕೇ ಈ ಪತ್ರ.

ಕೋಷ್ಟಕದ ಆಕಾರವನ್ನೇ ಸ್ವಲ್ಪ ದಿಟ್ಟಿಸಿ ನೋಡಿ. ಹೆಸರು, ಬಣ್ಣ, ಸಂಖ್ಯೆ ಎಲ್ಲ ಬಿಟ್ಟು ಬರೀ ಹೊರಗೆರೆ. ಎಡಗಡೆ ಎರಡು ಕಂಬಸಾಲು ಎತ್ತರಕ್ಕೆ ನಿಂತಿವೆ. ಬಲಗಡೆ ಆರು. ನಡುವೆ ತಗ್ಗಿನಲ್ಲಿ ಹತ್ತು. ಕೆಳಗೆ ಬೇರೆಯಾಗಿ ಎರಡು ಸಾಲು, ಒಂದೊಂದರಲ್ಲಿ ಹದಿನಾಲ್ಕು. ಇಂಥ ವಿಚಿತ್ರ ಆಕಾರವನ್ನು ಯಾರಾದರೂ ಬೇಕೂಂತ ಬರೀತಾರಾ? ಯಾರೂ ಬರೆಯಲಿಲ್ಲ. ಧಾತುಗಳನ್ನು ಸರಿಯಾಗಿ ಜೋಡಿಸಿದರೆ ಅದು ತಾನಾಗಿ ಹಾಗೆ ಬರುತ್ತದೆ. 2, 6, 10, 14 ಅನ್ನೋ ಈ ನಾಲ್ಕು ಸಂಖ್ಯೆಗಳು ಎಸ್, ಪಿ, ಡಿ, ಎಫ್ ಎಂಬ ನಾಲ್ಕು ಉಪಕವಚಗಳಲ್ಲಿ (ಕವಚದ ಒಳಭಾಗಗಳಲ್ಲಿ) ಎಷ್ಟೆಷ್ಟು ಎಲೆಕ್ಟ್ರಾನ್ ಹಿಡಿಯುತ್ತವೆ ಎಂಬ ಲೆಕ್ಕವೇ ಹೊರತು ಬೇರೇನೂ ಅಲ್ಲ. ಎಸ್‌ನಲ್ಲಿ ಒಂದೇ ಆರ್ಬಿಟಲ್ (ಎಲೆಕ್ಟ್ರಾನ್ ಇರಬಹುದಾದ ಜಾಗ), ಪಿಯಲ್ಲಿ ಮೂರು, ಡಿಯಲ್ಲಿ ಐದು, ಎಫ್‌ನಲ್ಲಿ ಏಳು. ಒಂದೊಂದು ಆರ್ಬಿಟಲ್‌ಗೆ ಎರಡು ಎಲೆಕ್ಟ್ರಾನ್, ಅದಕ್ಕಿಂತ ಜಾಸ್ತಿ ಇಲ್ಲ. ಈ ಕಟ್ಟುಪಾಡನ್ನು 1925ರಲ್ಲಿ ಭೌತಶಾಸ್ತ್ರಜ್ಞ ವೋಲ್ಫ್‌ಗ್ಯಾಂಗ್ ಪೌಲಿ ಹೇಳಿದರು. ಒಂದು ಪರಮಾಣುವಿನಲ್ಲಿ ಎರಡು ಎಲೆಕ್ಟ್ರಾನ್‌ಗಳ ನಾಲ್ಕೂ ಕ್ವಾಂಟಂ ಸಂಖ್ಯೆಗಳು (ಎಲೆಕ್ಟ್ರಾನ್‌ನ ವಿಳಾಸ ಇದ್ದ ಹಾಗೆ) ಒಂದೇ ಆಗಿರಲು ಸಾಧ್ಯವಿಲ್ಲ, ಇಷ್ಟೇ ಅದರ ಸಾರ. ಆ ಒಂದು ನಿಯಮ ಇರದಿದ್ದರೆ ಎಲ್ಲ ಎಲೆಕ್ಟ್ರಾನ್‌ಗಳೂ ಅತಿ ಒಳಗಿನ 1ಎಸ್‌ಗೇ, ಅಂದರೆ ಒಂದನೇ ಕವಚದ ಎಸ್‌ಗೇ, ಹೋಗಿ ಕೂತುಬಿಡುತ್ತಿದ್ದವು. ಆಗ ಕೋಷ್ಟಕವೂ ಇಲ್ಲ, ನಮಗೆ ಗೊತ್ತಿರುವ ರಸಾಯನಶಾಸ್ತ್ರವೂ ಇಲ್ಲ.

ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಏಳು ದಿನಕ್ಕೊಮ್ಮೆ ಸಾಲು ಮುಗಿದು ಕೆಳಗಿನ ಸಾಲು ಶುರುವಾಗುತ್ತದೆ, ಅದಕ್ಕೇ ಭಾನುವಾರದ ಕೆಳಗೆ ಭಾನುವಾರವೇ ಬರುತ್ತದೆ, ಅಲ್ವಾ? ಇಲ್ಲೂ ಹಾಗೇ, ಲಿಥಿಯಂ ಕೆಳಗೆ ಸೋಡಿಯಂ, ಅದರ ಕೆಳಗೆ ಪೊಟ್ಯಾಸಿಯಂ. ಒಂದೇ ವ್ಯತ್ಯಾಸ ಏನೆಂದರೆ ಇಲ್ಲಿ ಸಾಲುಗಳ ಉದ್ದ ಬದಲಾಗುತ್ತಾ ಹೋಗುತ್ತದೆ: 2, 8, 8, 18, 18, 32, 32. ಕೂಡಿ ನೋಡಿ, ಸರಿಯಾಗಿ 118 ಬರುತ್ತದೆ. ಮೊದಲ ಸಾಲಿನಲ್ಲಿ ಬರೀ ಎಸ್, ಅದಕ್ಕೆ 2. ಮುಂದಿನ ಎರಡರಲ್ಲಿ ಎಸ್ ಮತ್ತು ಪಿ, ಅಂದರೆ 2 ಮತ್ತು 6, ಒಟ್ಟು 8. ಆಮೇಲಿನ ಎರಡರಲ್ಲಿ ನಡುವೆ ಡಿಯ 10 ಸೇರಿ 18. ಕೊನೆಯ ಎರಡರಲ್ಲಿ ಎಫ್‌ನ 14 ಸೇರಿ 32. ಇಷ್ಟನ್ನು ಕಪ್ಪುಹಲಗೆ ಮೇಲೆ ಬರೆದರೆ ಸಾಕು, ಆವರ್ತಗಳ, ಅಂದರೆ ಈ ಅಡ್ಡಸಾಲುಗಳ, ಉದ್ದವನ್ನು ಯಾವ ಮಗುವೂ ಬಾಯಿಪಾಠ ಮಾಡಬೇಕಾಗಿಲ್ಲ.

ಈಗ ನಿಮ್ಮ ಲೇಖನದ 2, 8, 8, 18ಕ್ಕೆ ಬರುತ್ತೇನೆ. ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಅದೇ ಲೇಖನದಲ್ಲಿ, ಒಂದು ಕವಚದಲ್ಲಿ ಹಿಡಿಯುವ ಎಲೆಕ್ಟ್ರಾನ್‌ಗಳ ಸಂಖ್ಯೆ ಕವಚದ ಸಂಖ್ಯೆಯ ವರ್ಗದ ಎರಡರಷ್ಟು ಅಂತಲೂ ಬರೆದಿದೆ. ಆ ಪ್ರಕಾರ ಮೂರನೇ ಕವಚದಲ್ಲಿ 18 ಹಿಡಿಯಬೇಕು. ಹಾಗಾದರೆ ಮೂರನೇ ಆವರ್ತದಲ್ಲಿ ಯಾಕೆ ಎಂಟೇ ಧಾತು? ಪೊಟ್ಯಾಸಿಯಂನ ಹತ್ತೊಂಬತ್ತನೇ ಎಲೆಕ್ಟ್ರಾನ್ ಮೂರನೇ ಕವಚದಲ್ಲಿ ಜಾಗ ಇದ್ದರೂ ನಾಲ್ಕನೆಯದಕ್ಕೆ ಯಾಕೆ ಹೋಯಿತು? ಬುದ್ಧಿವಂತ ಮಗು ಕೇಳಿಯೇ ಕೇಳುತ್ತದೆ. ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಎಂಟು ಆದರೆ ಸ್ಥಿರ ಅನ್ನೋದು. ಇದು ಉತ್ತರವೇ ಅಲ್ಲ. ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಹೇಳಿದ ಹಾಗಾಯಿತು. ಮಗು ಸುಮ್ಮನಾಗುತ್ತದೆ, ಈ ವಿಷಯದಲ್ಲಿ ಪ್ರಶ್ನೆ ಕೇಳಿ ಪ್ರಯೋಜನ ಇಲ್ಲ ಅಂದುಕೊಳ್ಳುತ್ತದೆ. ನನಗೆ ನೋವಾಗುವುದು ಅದಕ್ಕೆ.

ನಿಜವಾದ ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಪೊಟ್ಯಾಸಿಯಂನ ನ್ಯೂಕ್ಲಿಯಸ್‌ನಲ್ಲಿ 19 ಪ್ರೋಟಾನ್ ಇವೆ. ಅದರ ಸುತ್ತ 18 ಎಲೆಕ್ಟ್ರಾನ್ ಆಗಲೇ ಇದ್ದು ನ್ಯೂಕ್ಲಿಯಸ್‌ನ ಸೆಳೆತವನ್ನು ಹೊರಗಿನವರಿಗೆ ಮುಟ್ಟದಂತೆ ಮರೆಮಾಡುತ್ತವೆ. ಹೊಸದಾಗಿ ಬರುವ ಎಲೆಕ್ಟ್ರಾನ್‌ಗೆ ಎರಡು ದಾರಿ, 3ಡಿ ಅಥವಾ 4ಎಸ್. ಎಸ್ ಆರ್ಬಿಟಲ್‌ನ ಎಲೆಕ್ಟ್ರಾನ್ ಬಹುಪಾಲು ದೂರದಲ್ಲೇ ಇದ್ದರೂ ನ್ಯೂಕ್ಲಿಯಸ್ ಹತ್ತಿರಕ್ಕೆ ನುಸುಳುವ ಸಾಧ್ಯತೆ ಅದಕ್ಕೆ ಇದೆ. ಡಿ ಎಲೆಕ್ಟ್ರಾನ್ ಹಾಗೆ ನುಸುಳುವುದು ತೀರಾ ಕಡಿಮೆ. ನುಸುಳಿದಾಗ ಮರೆ ಇಲ್ಲದ ಪೂರ್ತಿ ಸೆಳೆತ ಸಿಗುತ್ತದೆ, ಅದರಿಂದ ಒಟ್ಟು ಶಕ್ತಿ ಕಡಿಮೆಯಾಗುತ್ತದೆ. ಹಾಗಾಗಿ ಪೊಟ್ಯಾಸಿಯಂನಲ್ಲಿ 4ಎಸ್ ಗೆಲ್ಲುತ್ತದೆ. ಕ್ಯಾಲ್ಸಿಯಂನಲ್ಲಿ ಅದು ತುಂಬುತ್ತದೆ. ಸ್ಕ್ಯಾಂಡಿಯಂನಿಂದ 3ಡಿ ಶುರು, ಸತುವಿಗೆ ಬರುವಷ್ಟರಲ್ಲಿ ಅದು ಭರ್ತಿ. ಆಮೇಲೆ ಗ್ಯಾಲಿಯಂನಿಂದ 4ಪಿ. ಮೂರನೇ ಕವಚದ ಉಳಿದ ಹತ್ತು ಎಲೆಕ್ಟ್ರಾನ್‌ಗಳು ಎಲ್ಲೂ ಕಳೆದುಹೋಗಿಲ್ಲ, ಅವು ನಾಲ್ಕನೇ ಸಾಲಿನ ನಡುವೆ ಬಂದಿವೆ, ಅಷ್ಟೇ. ಅಂದರೆ ಒಂದು ಆವರ್ತ ಅಂದರೆ ಒಂದು ಕವಚ ತುಂಬುವುದು ಅಂತ ತಿಳಿದುಕೊಂಡರೆ ಲೆಕ್ಕ ತಪ್ಪುತ್ತದೆ. ಹೊಸ ಎಸ್ ಶುರುವಾದಲ್ಲಿ ಸಾಲು ಶುರು, ಅದೇ ಕವಚದ ಪಿ ತುಂಬಿದಲ್ಲಿ ಸಾಲು ಮುಗಿಯಿತು. ಹೀಗೆ ಹೇಳಿದರೆ ಎಲ್ಲ ಸಾಲಿಗೂ ಸರಿಹೋಗುತ್ತದೆ. ಮೊದಲ ಸಾಲಿಗೆ ಮಾತ್ರ ಪಿ ಇಲ್ಲ, ಅಲ್ಲಿ ಎಸ್ ತುಂಬಿದಲ್ಲೇ ಮುಗಿಯುತ್ತದೆ.

ಇದನ್ನೆಲ್ಲ ನಂಬಿ ಅಂತ ಮಕ್ಕಳಿಗೆ ಹೇಳಬೇಕಾಗಿಯೂ ಇಲ್ಲ, ಅಳತೆಗಳಿವೆ. ಅಯಾನೀಕರಣ ಶಕ್ತಿ ಅಂದರೆ ಅನಿಲ ಸ್ಥಿತಿಯಲ್ಲಿರುವ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ. ಸೋಡಿಯಂನಿಂದ ಮೊದಲ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ (ಪರಮಾಣುಗಳ ಒಂದು ಗೊತ್ತಾದ ಎಣಿಕೆಗೆ) 496 ಕಿಲೋಜೂಲ್ ಬೇಕು. ಎರಡನೆಯದಕ್ಕೆ 4,562. ಒಂಬತ್ತು ಪಟ್ಟು! ಮೆಗ್ನೀಸಿಯಂ ನೋಡಿ, 738, ಆಮೇಲೆ 1,451, ಮೂರನೆಯದಕ್ಕೆ ಒಮ್ಮೆಲೇ 7,733. ಅಲ್ಯೂಮಿನಿಯಂನಲ್ಲಿ 578, 1,817, 2,745, ನಾಲ್ಕನೆಯದಕ್ಕೆ 11,577. ಸೋಡಿಯಂನಲ್ಲಿ ಒಂದಾದ ಮೇಲೆ, ಮೆಗ್ನೀಸಿಯಂನಲ್ಲಿ ಎರಡಾದ ಮೇಲೆ, ಅಲ್ಯೂಮಿನಿಯಂನಲ್ಲಿ ಮೂರಾದ ಮೇಲೆ ಎದುರಿಗೆ ಗೋಡೆ ಸಿಕ್ಕ ಹಾಗೆ. ಹೊರಗಿನ ಕವಚ ಖಾಲಿಯಾಗಿ ನಿಯಾನ್‌ನಂಥ ಒಳಕವಚ ಬಂತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಮೂರೂ ಯಾವ ಗುಂಪಿನಲ್ಲಿ (ಕಂಬಸಾಲಿನಲ್ಲಿ) ಇವೆ, ಅವುಗಳ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ, ಮೇಲೆ ಎಷ್ಟು ಧನ ಆವೇಶ ಇರುತ್ತದೆ ಎಲ್ಲ ಇದರಿಂದಲೇ ಗೊತ್ತಾಗುತ್ತದೆ.

ಇನ್ನೂ ಹತ್ತಿರದಿಂದ ನೋಡುವುದಾದರೆ ಮೂರನೇ ಸಾಲಿನ ಎಂಟೂ ಧಾತುಗಳ ಮೊದಲ ಅಯಾನೀಕರಣ ಶಕ್ತಿಯನ್ನು ಸಾಲಾಗಿ ಬರೆಯಿರಿ. ಸೋಡಿಯಂ 496, ಮೆಗ್ನೀಸಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 787, ರಂಜಕ 1,012, ಗಂಧಕ 1,000, ಕ್ಲೋರಿನ್ 1,251, ಆರ್ಗಾನ್ 1,521. ಪ್ರೋಟಾನ್ ಒಂದೊಂದಾಗಿ ಹೆಚ್ಚುತ್ತಿರುವುದರಿಂದ ಸೆಳೆತ ಏರುತ್ತಲೇ ಹೋಗಬೇಕಿತ್ತು. ಆದರೆ ಎರಡು ಕಡೆ ಇಳಿದಿದೆ. ಮೊದಲ ಇಳಿತ ಅಲ್ಯೂಮಿನಿಯಂನಲ್ಲಿ, ಯಾಕೆಂದರೆ ಅಲ್ಲಿ 3ಎಸ್ ತುಂಬಿ ಎಲೆಕ್ಟ್ರಾನ್ 3ಪಿಗೆ ಹೋಗಿದೆ, ಅದನ್ನು ಕೀಳುವುದು ಸುಲಭ. ಎರಡನೆಯದು ಗಂಧಕದಲ್ಲಿ. ರಂಜಕದವರೆಗೆ ಮೂರು ಪಿ ಆರ್ಬಿಟಲ್‌ಗಳಲ್ಲಿ ಒಂದೊಂದರಂತೆ ಕೂತಿದ್ದವು, ಗಂಧಕದಲ್ಲಿ ನಾಲ್ಕನೆಯದು ಜೋಡಿಯಾಗಿ ಕೂರಲೇಬೇಕು, ಜೋಡಿಯಲ್ಲಿ ಒಂದನ್ನೊಂದು ದೂಡುತ್ತವೆ, ಹಾಗಾಗಿ ಒಂದು ಬೇಗ ಕಳಚಿಕೊಳ್ಳುತ್ತದೆ. ಹಾಗಾಗಿ ಈ ಎಂಟು ಎರಡು, ಮೂರು, ಮತ್ತೆ ಮೂರು ಧಾತುಗಳ ತುಂಡುಗಳಾಗಿ ಕಾಣುತ್ತವೆ. ಒಂದೇ ಸಾಲಿನ ಎಂಟು ಸಂಖ್ಯೆಗಳಲ್ಲಿ ಎಸ್ ಎಲ್ಲಿ ಮುಗಿಯಿತು, ಪಿ ಎಲ್ಲಿ ಅರ್ಧ ಆಯಿತು ಎಲ್ಲ ಓದಿಕೊಳ್ಳಬಹುದು. ಇದನ್ನು ತರಗತಿಯಲ್ಲಿ ಗ್ರಾಫ್ ಹಾಳೆ ಮೇಲೆ ಮಕ್ಕಳ ಕೈಯಿಂದಲೇ ಬರೆಸಬೇಕು. ಅವರೇ ಇಳಿತ ಎಲ್ಲಿದೆ ಅಂತ ಹುಡುಕಿ, ಯಾಕೆ ಅಂತ ಕೇಳುವ ತನಕ ಮೇಷ್ಟ್ರು ಬಾಯಿ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಆದರೆ ಒಂದು ಎಚ್ಚರಿಕೆಯೂ ಬೇಕು. ಎಲೆಕ್ಟ್ರಾನ್ ವಿನ್ಯಾಸ ನೋಡಿಕೊಂಡು ಕೋಷ್ಟಕ ಕಟ್ಟಿದರು ಅಂತ ಮಕ್ಕಳಿಗೆ ಅನ್ನಿಸಬಾರದು, ನಡೆದದ್ದು ತಿರುವುಮುರುವು. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ 1869ರಲ್ಲಿ ಕೋಷ್ಟಕ ಪ್ರಕಟಿಸಿದಾಗ ಎಲೆಕ್ಟ್ರಾನ್ ಅನ್ನೋದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಜೆ. ಜೆ. ಥಾಮ್ಸನ್ ಅದನ್ನು ಕಂಡದ್ದು 1897ರಲ್ಲಿ. ಮೆಂಡಲೀವ್ ಕೈಯಲ್ಲಿದ್ದದ್ದು ಪರಮಾಣು ತೂಕ, ಮತ್ತು ಯಾವ ಧಾತು ಯಾವುದರ ಜೊತೆ ಯಾವ ಪ್ರಮಾಣದಲ್ಲಿ ಸೇರುತ್ತದೆ ಎಂಬ ಅರಿವು. ಎರಡೂ ಹೊಂದದೇ ಹೋದಾಗ ಆತ ಗುಣಕ್ಕೇ ಬೆಲೆ ಕೊಟ್ಟ. ಟೆಲುರಿಯಂನ ತೂಕ ಅಯೋಡಿನ್‌ಗಿಂತ ಜಾಸ್ತಿ, 127.6 ಮತ್ತು 126.9. ಆದರೂ ಟೆಲುರಿಯಂ ಮೊದಲು, ಅಯೋಡಿನ್ ಆಮೇಲೆ ಅಂತ ಇಟ್ಟ, ಯಾಕೆಂದರೆ ಅಯೋಡಿನ್ ನಡೆದುಕೊಳ್ಳುವುದು ಕ್ಲೋರಿನ್, ಬ್ರೋಮಿನ್‌ಗಳ ಹಾಗೆ. ತೂಕ ಅಳೆದದ್ದು ತಪ್ಪಿರಬೇಕು ಅಂದುಕೊಂಡ. ತೂಕ ಸರಿಯಾಗಿಯೇ ಇತ್ತು, ಜೋಡಣೆಯೂ ಸರಿಯಾಗಿಯೇ ಇತ್ತು. ತೂಕದ ಬದಲು ಬೇರೇನನ್ನೋ ಎಣಿಸಬೇಕಿತ್ತು. ಅದೇನು ಅಂತ 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳಿಂದ ತೋರಿಸಿದ, ಒಂದೊಂದು ಧಾತುವಿಗೂ ನ್ಯೂಕ್ಲಿಯಸ್‌ನ ಆವೇಶ ಒಂದೊಂದೇ ಹೆಚ್ಚುತ್ತದೆ, ಪರಮಾಣು ಸಂಖ್ಯೆ ಅನ್ನೋದು ಬರೀ ಕ್ರಮಸಂಖ್ಯೆ ಅಲ್ಲ. ಟೆಲುರಿಯಂ 52, ಅಯೋಡಿನ್ 53. ಎರಡು ವರ್ಷ ಕಳೆಯುವುದರೊಳಗೆ ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗ್ಯಾಲಿಪೊಲಿ ಯುದ್ಧಭೂಮಿಯಲ್ಲಿ ಮೋಸ್ಲಿ ತೀರಿಕೊಂಡ, ಆಗ ಅವನಿಗೆ 27 ವರ್ಷ. ಅವನ ಹೆಸರನ್ನಾದರೂ ಮಕ್ಕಳು ಕೇಳಿರಬೇಕು.

ಎಲೆಕ್ಟ್ರಾನ್ ಲೆಕ್ಕ ಆಮೇಲೆ ಬಂದು ಹಳೆಯದನ್ನು ವಿವರಿಸಿದ್ದು ಮಾತ್ರವಲ್ಲ, ಹೊಸದನ್ನೂ ಹುಡುಕಿಕೊಟ್ಟಿತು. 72ನೇ ಚೌಕ ಬಹಳ ಕಾಲ ಖಾಲಿ ಇತ್ತು. ಅದು ವಿರಳ ಭಸ್ಮ ಧಾತುಗಳ ಸಾಲಿಗೆ (ಕೋಷ್ಟಕದ ಕೆಳಗೆ ಬೇರೆಯಾಗಿ ಹಾಕುವ ಎರಡರಲ್ಲಿ ಮೊದಲನೆಯದಕ್ಕೆ) ಸೇರಿದ್ದು ಅಂತ ಕೆಲವರು ಹುಡುಕುತ್ತಿದ್ದರು. ಭೌತಶಾಸ್ತ್ರಜ್ಞ ನೀಲ್ಸ್ ಬೋರ್ ಎಲೆಕ್ಟ್ರಾನ್ ತುಂಬುವ ಕ್ರಮ ಹಿಡಿದು ಹೇಳಿದ್ದು ಬೇರೆ: 71ಕ್ಕೇ ಆ ಸಾಲು ಮುಗಿಯುತ್ತದೆ, 72 ಜಿರ್ಕೋನಿಯಂನ ಕೆಳಗೆ ಬರಬೇಕು, ಅದರ ಹಾಗೇ ಇರಬೇಕು. ಅವರ ಕೋಪನ್‌ಹೇಗನ್ ಸಂಸ್ಥೆಯಲ್ಲೇ ಇದ್ದ ಕೋಸ್ಟರ್ ಮತ್ತು ಹೆವೆಶಿ ಜಿರ್ಕೋನಿಯಂ ಅದಿರಿನಲ್ಲಿ ಹುಡುಕಿದರು, ಸಿಕ್ಕಿತು. 1923ರಲ್ಲಿ ಪ್ರಕಟವಾಯಿತು, ಹೆಸರು ಹಾಫ್ನಿಯಂ. ಎಲ್ಲಿ ಹುಡುಕಬೇಕು ಅಂತ ಹೇಳಿದ್ದು ಎಲೆಕ್ಟ್ರಾನ್ ವಿನ್ಯಾಸ! ಇಷ್ಟು ಒಳ್ಳೆಯ ಕಥೆ ಇಟ್ಟುಕೊಂಡು ನಾವು ಮಕ್ಕಳಿಗೆ ಹೆಸರು ಬಾಯಿಪಾಠ ಮಾಡಿಸುತ್ತೇವೆ.

ಜಿರ್ಕೋನಿಯಂ ಮತ್ತು ಹಾಫ್ನಿಯಂ ಇಷ್ಟೊಂದು ಹೋಲುವುದಕ್ಕೂ ಕಾರಣ ನಡುವೆ ತುಂಬಿದ ಆ ಹದಿನಾಲ್ಕು ಎಫ್ ಎಲೆಕ್ಟ್ರಾನ್‌ಗಳೇ. ಎಫ್ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸನ್ನು ಚೆನ್ನಾಗಿ ಮರೆಮಾಡುವುದಿಲ್ಲ. ಹಾಗಾಗಿ ಲ್ಯಾಂಥನಂನಿಂದ ಲುಟೀಷಿಯಂವರೆಗೆ ಪರಮಾಣು ಒಟ್ಟಾರೆ ಕುಗ್ಗುತ್ತಾ ಬರುತ್ತದೆ. ಒಂದು ಸಾಲು ಕೆಳಗಿದ್ದರೂ ಹಾಫ್ನಿಯಂ ಗಾತ್ರದಲ್ಲಿ ಜಿರ್ಕೋನಿಯಂನಷ್ಟೇ ಇದೆ. ಎರಡನ್ನೂ ಬೇರ್ಪಡಿಸುವುದು ಇವತ್ತಿಗೂ ತ್ರಾಸದ ಕೆಲಸ. ಕೋಷ್ಟಕದ ಕೆಳಗೆ ಬೇರೆಯಾಗಿ ಹಾಕಿರುವ ಆ ಎರಡು ಸಾಲುಗಳನ್ನು ಮಕ್ಕಳು ಪರಿಶಿಷ್ಟ ಅಂದುಕೊಂಡುಬಿಡುತ್ತಾರೆ. ಅವು ಪರಿಶಿಷ್ಟ ಅಲ್ಲ, ಆರು ಮತ್ತು ಏಳನೇ ಸಾಲಿನ ಒಳಗೇ ಇರಬೇಕಾದವು. ಹಾಳೆಯ ಅಗಲ ಸಾಲದು ಅಂತ ಕೆಳಗೆ ಇಳಿಸಿದ್ದಾರೆ, ಅಷ್ಟೇ. ನಿಮ್ಮ ಪುಟದಲ್ಲಿ ಈ ಒಂದು ಮಾತು ಕೂಡ ಇರಲಿಲ್ಲ.

ನಿಯಮಕ್ಕೆ ಹೊಂದದ ಸಂಗತಿಗಳನ್ನೂ ಮುಚ್ಚಿಡಬಾರದು. ಕ್ರೋಮಿಯಂನಲ್ಲಿ ನಾಲ್ಕು ಡಿ, ಎರಡು ಎಸ್ ಇರಬೇಕಿತ್ತು, ಇರುವುದು ಐದು ಮತ್ತು ಒಂದು. ತಾಮ್ರದಲ್ಲಿ ಹತ್ತು ಮತ್ತು ಒಂದು. ಪಲ್ಲಾಡಿಯಂ ಅಂತೂ ಐದನೇ ಸಾಲಿನಲ್ಲಿದ್ದರೂ 5ಎಸ್‌ನಲ್ಲಿ ಒಂದೂ ಎಲೆಕ್ಟ್ರಾನ್ ಇಲ್ಲ, 4ಡಿಯಲ್ಲೇ ಹತ್ತೂ. ಎಸ್ ಮತ್ತು ಡಿ ಶಕ್ತಿಯಲ್ಲಿ ತೀರಾ ಹತ್ತಿರ ಇರುವಾಗ ಎಲೆಕ್ಟ್ರಾನ್‌ಗಳ ಪರಸ್ಪರ ದೂಡಾಟ ಯಾವ ಕಡೆಗಾದರೂ ತೂಗಬಹುದು. ಇನ್ನೊಂದು, 4ಎಸ್ ಮೊದಲು ತುಂಬುತ್ತದೆ ಅಂತ ಕಲಿತ ಮಗು ಕಬ್ಬಿಣ ಅಯಾನು ಆಗುವಾಗ ಡಿಯಿಂದ ಎಲೆಕ್ಟ್ರಾನ್ ತೆಗೆಯುತ್ತದೆ. ಅದು ತಪ್ಪು, ಮೊದಲು ಹೋಗುವುದು 4ಎಸ್‌ನ ಎರಡು. ಸ್ಕ್ಯಾಂಡಿಯಂನಿಂದ ಆಚೆಗೆ ಪ್ರೋಟಾನ್ ಹೆಚ್ಚಿದಂತೆ 3ಡಿ ಒಳಕ್ಕೆ ಬಿಗಿಯಾಗಿ ಎಳೆಯಲ್ಪಡುತ್ತದೆ, 4ಎಸ್ ಹೊರಗೇ ಉಳಿಯುತ್ತದೆ. ತುಂಬುವ ಕ್ರಮ ನೆನಪಿಡಲು ಪುಸ್ತಕಗಳಲ್ಲಿ ಹಾಕುವ ಓರೆ ಬಾಣಗಳ ಪಟ ಒಂದು ಒಳ್ಳೆಯ ಸಹಾಯ, ನಿಸರ್ಗದ ಶಾಸನ ಅಲ್ಲ.

ಹೀಲಿಯಂ ವಿಷಯವೂ ಹಾಗೇ. ಅದರ ವಿನ್ಯಾಸ ಎಸ್‌ನಲ್ಲಿ ಎರಡು, ಬರೀ ವಿನ್ಯಾಸ ನೋಡಿದರೆ ಬೆರಿಲಿಯಂ ಮೇಲೆ ಕೂರಬೇಕು. ಆದರೆ ಅದರ ಕವಚ ಪೂರ್ತಿ ತುಂಬಿದೆ, ಮುಂದಿನ ಜಾಗ ಬಹಳ ದೂರ. ನಡತೆ ನಿಯಾನ್‌ನಂತೆ, ಅದಕ್ಕೇ ನಿಯಾನ್ ಮೇಲೆ. ಮೂರನೇ ಗುಂಪಿನಲ್ಲಿ ಇಟ್ರಿಯಂ ಕೆಳಗೆ ಬರಬೇಕಾದದ್ದು ಲ್ಯಾಂಥನಂ ಅಥವಾ ಲುಟೀಷಿಯಂ ಅನ್ನೋ ಬಗ್ಗೆ ರಸಾಯನಶಾಸ್ತ್ರಜ್ಞರು ಇನ್ನೂ ವಾದ ಮಾಡುತ್ತಿದ್ದಾರೆ. ಇದನ್ನು ಮಕ್ಕಳಿಗೆ ಹೇಳಿದರೆ ಗೊಂದಲ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾರಣ ಗೊತ್ತಿರುವ ಮಗುವಿಗೆ ಅಪವಾದ ಕುತೂಹಲ ಹುಟ್ಟಿಸುತ್ತದೆ, ಬಾಯಿಪಾಠ ಮಾಡಿದ ಮಗುವಿಗೆ ಮಾತ್ರ ಅದು ಇನ್ನೊಂದು ಹೊರೆ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಪತ್ರಿಕೆಗೆ ಬೇರೆಯವರಿಗೆ ಇಲ್ಲದ ಒಂದು ಅನುಕೂಲ ಇದೆ, ಅಗಲವಾದ ಹಾಳೆ. ನಡುವಿನ ಎರಡು ಪುಟ ಸೇರಿಸಿ 32 ಕಂಬಸಾಲುಗಳ ಉದ್ದನೆಯ ಕೋಷ್ಟಕವನ್ನು ಒಮ್ಮೆ ಅಚ್ಚು ಹಾಕಿ, ಎಫ್ ಸಾಲುಗಳನ್ನು ಅವುಗಳ ಜಾಗದಲ್ಲೇ ಇಟ್ಟು. ಬಣ್ಣ ಲೋಹ, ಅಲೋಹ ಅಂತ ಬೇಡ. ಎಸ್‌ಗೆ ಒಂದು, ಪಿಗೆ ಒಂದು, ಡಿಗೆ ಒಂದು, ಎಫ್‌ಗೆ ಒಂದು, ನಾಲ್ಕೇ ಬಣ್ಣ ಸಾಕು. ಚೌಕದಲ್ಲಿ ಧಾತುವಿನ ಸಂಕೇತ, ಪರಮಾಣು ಸಂಖ್ಯೆ, ಮತ್ತು ಹೊರಗಿನ ಎಲೆಕ್ಟ್ರಾನ್‌ಗಳ ವಿನ್ಯಾಸ, ಅಷ್ಟಿರಲಿ, ತೂಕ ಬೇಡ. ಕ್ರೋಮಿಯಂ, ತಾಮ್ರ, ಪಲ್ಲಾಡಿಯಂನಂಥವಕ್ಕೆ ಒಂದು ಚುಕ್ಕಿ ಹಾಕಿ. ಏಳನೇ ಸಾಲು 118ಕ್ಕೆ ಭರ್ತಿಯಾಗಿದೆ. ಅದರ ಕೆಳಗೆ ಎಡತುದಿಯಲ್ಲಿ 119ಕ್ಕೆ ಒಂದು ಖಾಲಿ ಚೌಕ ಬಿಟ್ಟು, ಇದರ ಕೊನೆಯ ಎಲೆಕ್ಟ್ರಾನ್ ಎಲ್ಲಿ ಹೋಗಬಹುದು ಅಂತ ಓದುವ ಮಕ್ಕಳನ್ನೇ ಕೇಳಿ. ಪಟದ ಕರಡು ತಯಾರು ಮಾಡಿ, ಅಂಕಿಅಂಶ ತಿದ್ದಿ ಕೊಡುವುದಕ್ಕೆ ನಾನು ಸಿದ್ಧನಿದ್ದೇನೆ, ಅದಕ್ಕೆ ಸಂಭಾವನೆ ಏನೂ ಬೇಕಾಗಿಲ್ಲ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗ, ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು